ಗೆರೆ ಬಿಟ್ಟು ಮುಂದೆ ಬಂದ ಗೋಲ್‌ಕೀಪರ್

ನಮ್ಮ ಹಾಸ್ಟೆಲ್ ಮೈದಾನದಲ್ಲಿ ಎಲ್ಲೂ ಬರೆದಿಡದ ಒಂದು ನಿಯಮ ಇದೆ. ಟೀಮ್ ಹಂಚಿಕೊಂಡ ಮೇಲೆ ಸರಿಯಾಗಿ ಓಡಲಾರದವನು ಯಾರು ಅಂತ ನೋಡಿ, "ಮಗಾ, ನೀನು ಗೋಲ್‌ಗೆ ನಿಂತ್ಕೋ" ಅಂತೀವಿ. ಪಾಪ, ಅವನು ಗೆರೆಯ ಮೇಲೆ ಕಂಬದ ಹಾಗೆ ನಿಲ್ಲುತ್ತಾನೆ. ಗೋಲ್ ಆದರೆ ಬೈಗುಳವೆಲ್ಲ ಅವನಿಗೇ. ಮುಂದಿನ ಸಲ ಬೈಯುವ ಮೊದಲು ಡೆನ್ಮಾರ್ಕ್‌ನ ಒಬ್ಬ ಗೋಲ್‌ಕೀಪರ್ ಕತೆ ಓದೋಣ, ಜೊತೆಗೆ ಸ್ವಲ್ಪ ಲೆಕ್ಕವನ್ನೂ ಮಾಡೋಣ.

ಪೀಟರ್ ಷ್ಮೈಕೆಲ್ ಹುಟ್ಟಿದ್ದು 1963ರ ನವೆಂಬರ್ 18ರಂದು, ಕೋಪನ್‌ಹೇಗನ್ ಪಕ್ಕದ ಗ್ಲಾಡ್‌ಸಾಕ್ಸೆಯಲ್ಲಿ. ತಂದೆ ಪೋಲೆಂಡಿನಿಂದ ಬಂದ ಸಂಗೀತಗಾರರು, ತಾಯಿ ಡೆನ್ಮಾರ್ಕ್‌ನವರೇ, ನರ್ಸ್. ಶುರುವಿನಲ್ಲಿ ಫುಟ್‌ಬಾಲ್ ಅವರ ಹೊಟ್ಟೆ ತುಂಬಿಸಲಿಲ್ಲ. ಜವಳಿ ಕಾರ್ಖಾನೆಯಲ್ಲಿ ಬಟ್ಟೆಗೆ ಬಣ್ಣ ಹಾಕುವ ವಿಭಾಗದಲ್ಲಿ ದುಡಿದರು, ವೃದ್ಧಾಶ್ರಮದಲ್ಲಿ ಸ್ವಚ್ಛತೆಯ ಕೆಲಸ ಮಾಡಿದರು, ಮಾವನ ಜೊತೆ ಮನೆಗಳಿಗೆ ನೆಲಹಾಸು ಹಾಕಿದರು. 1984ರಲ್ಲಿ ಹ್ವಿಡೋವ್ರೆ ಕ್ಲಬ್, 1987ರಲ್ಲಿ ಬ್ರಾಂಡ್‌ಬಿ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಅವರನ್ನು ಸುಮಾರು 5 ಲಕ್ಷ ಪೌಂಡಿಗೆ ಕೊಂಡಿದ್ದು 1991ರಲ್ಲಿ. ಆಗ ಅವರಿಗೆ 27 ವರ್ಷ.

ಚಿಕ್ಕಂದಿನಲ್ಲಿ ಅವರು ಹ್ಯಾಂಡ್‌ಬಾಲ್ ಕೂಡ ಆಡಿದ್ದರು. ಡೆನ್ಮಾರ್ಕ್‌ನಲ್ಲಿ ಅದು ಬಹಳ ಜನಪ್ರಿಯ ಆಟ. ಅಲ್ಲಿ ಗೋಲ್‌ನ ಅಗಲ 3 ಮೀಟರ್ ಮಾತ್ರ, ಆದರೆ ಚೆಂಡು 6 ಮೀಟರ್ ಗೆರೆಯ ಹತ್ತಿರದಿಂದಲೇ ನುಗ್ಗಿ ಬರುತ್ತದೆ. ಯೋಚಿಸಲು ಸಮಯವೇ ಇರುವುದಿಲ್ಲ. ಹಾಗಾಗಿ ಕೀಪರ್ ಮುಂದೆ ಬಂದು, ಕೈಕಾಲು ನಾಲ್ಕೂ ದಿಕ್ಕಿಗೆ ಚಾಚಿ ಜಿಗಿಯುತ್ತಾನೆ. ಷ್ಮೈಕೆಲ್ ಇದನ್ನೇ ಫುಟ್‌ಬಾಲ್‌ಗೆ ತಂದರು. ನಕ್ಷತ್ರದ ಆಕಾರದ ಆ ಜಿಗಿತವೇ ಅವರ ಗುರುತಾಯಿತು.

ಇದು ಯಾಕೆ ಕೆಲಸ ಮಾಡುತ್ತದೆ? ಫುಟ್‌ಬಾಲ್ ಗೋಲ್‌ನ ಅಗಲ 7.32 ಮೀಟರ್. ಚೆಂಡು ನೇರ ಎದುರಿಗೆ 12 ಮೀಟರ್ ದೂರದಲ್ಲಿದೆ ಅಂದುಕೊಳ್ಳಿ. ಕೀಪರ್ ಗೆರೆಯ ಮೇಲೇ ನಿಂತರೆ 7.32 ಮೀಟರ್ ಪೂರ್ತಿ ಕಾಯಬೇಕು. 6 ಮೀಟರ್ ಮುಂದೆ ಬಂದರೆ? ಹೈಸ್ಕೂಲಿನಲ್ಲಿ ಓದಿದ ಸಮರೂಪ ತ್ರಿಭುಜಗಳನ್ನು ನೆನಪಿಸಿಕೊಳ್ಳಿ: ಕಾಯಬೇಕಾದ ಅಗಲ ಅರ್ಧಕ್ಕೆ, ಅಂದರೆ 3.66 ಮೀಟರ್‌ಗೆ ಇಳಿಯುತ್ತದೆ. ಕೈ ಚಾಚಿದರೆ ಸುಮಾರು 2 ಮೀಟರ್ ಮುಚ್ಚುತ್ತದೆ. ಗೆರೆಯ ಮೇಲೆ ಅದು ಕಾಲುಭಾಗಕ್ಕಿಂತ ಚೂರು ಹೆಚ್ಚು, ಇಲ್ಲಿ ಅರ್ಧಕ್ಕಿಂತ ಹೆಚ್ಚು!

ಆದರೆ ಬಿಟ್ಟಿ ಲಾಭ ಯಾವುದೂ ಇಲ್ಲ. ಗಂಟೆಗೆ 100 ಕಿ.ಮೀ. ವೇಗದ ಚೆಂಡು 6 ಮೀಟರ್ ದಾಟಲು ಸುಮಾರು 0.22 ಸೆಕೆಂಡು ಸಾಕು. ಕಣ್ಣು ಕಂಡು ಕೈ ಅಲುಗುವಷ್ಟರಲ್ಲಿ ಕತೆ ಮುಗಿದಿರುತ್ತದೆ. ಅದಕ್ಕೇ ಮೊದಲೇ ಮೈ ಚಾಚಬೇಕು. ಎದುರಾಳಿ ತಲೆಯ ಮೇಲಿಂದ ಮೆಲ್ಲಗೆ ಎತ್ತಿ ಹಾಕಿದರೆ ಗೋಲ್ ಗ್ಯಾರಂಟಿ, ಆ ಅಪಾಯವನ್ನೂ ಒಪ್ಪಿಕೊಂಡೇ ಮುಂದೆ ಬರಬೇಕು.

1992ರ ಯುರೋ ಕಪ್‌ಗೆ ಡೆನ್ಮಾರ್ಕ್ ಅರ್ಹತೆಯನ್ನೇ ಪಡೆದಿರಲಿಲ್ಲ. ಯುಗೊಸ್ಲಾವಿಯಾವನ್ನು ಹೊರಗಿಟ್ಟಿದ್ದರಿಂದ ಕೊನೇ ಗಳಿಗೆಯಲ್ಲಿ ಕರೆ ಬಂತು. ಸೆಮಿಫೈನಲ್‌ನ ಪೆನಾಲ್ಟಿ ಶೂಟೌಟ್‌ನಲ್ಲಿ ನೆದರ್ಲೆಂಡ್ಸ್‌ನ ಮಾರ್ಕೊ ವಾನ್ ಬಾಸ್ಟೆನ್ ಹೊಡೆತವನ್ನು ಷ್ಮೈಕೆಲ್ ತಡೆದರು. ಫೈನಲ್‌ನಲ್ಲಿ ಜರ್ಮನಿ ವಿರುದ್ಧ 2-0 ಗೆಲುವು.

ಅದೇ ವರ್ಷ ನಿಯಮ ಬದಲಾಯಿತು. ತನ್ನ ತಂಡದವರು ಬೇಕೆಂದೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಕೀಪರ್ ಕೈಯಲ್ಲಿ ಹಿಡಿಯುವಂತಿಲ್ಲ. ಡೆನ್ಮಾರ್ಕ್ ಆ ಕಪ್‌ನಲ್ಲಿ ಸಮಯ ಕಳೆಯಲು ಚೆನ್ನಾಗಿ ಬಳಸಿಕೊಂಡ ದಾರಿಯೇ ಮುಚ್ಚಿತು. ಷ್ಮೈಕೆಲ್ ಮಾತ್ರ ನಿಲ್ಲಲಿಲ್ಲ. ಹಿಡಿದ ಚೆಂಡನ್ನು ಕೈಯಿಂದಲೇ ಅರ್ಧ ಮೈದಾನದವರೆಗೆ ಎಸೆದು, ತಮ್ಮ ತಂಡದ ದಾಳಿಯನ್ನು ಅಲ್ಲಿಂದಲೇ ಶುರುಮಾಡುತ್ತಿದ್ದರು.

1999ರ ಮೇ 26, ಬಾರ್ಸಿಲೋನಾ, ಚಾಂಪಿಯನ್ಸ್ ಲೀಗ್ ಫೈನಲ್. ಯುನೈಟೆಡ್ ಪರ ಅವರ ಕೊನೆಯ ಪಂದ್ಯ, ನಾಯಕರೂ ಅವರೇ. 90 ನಿಮಿಷ ಮುಗಿದರೂ ಬಯರ್ನ್ ಮ್ಯೂನಿಕ್ 1-0 ಮುಂದಿತ್ತು. ಕಾರ್ನರ್ ಸಿಕ್ಕಿತು. ಷ್ಮೈಕೆಲ್ ತಮ್ಮ ಗೋಲ್ ಖಾಲಿ ಬಿಟ್ಟು ಎದುರಾಳಿಯ ಗೋಲ್ ಮುಂದಕ್ಕೇ ಓಡಿದರು! ಆ ಗೊಂದಲದಲ್ಲಿ ಶೆರಿಂಗ್‌ಹ್ಯಾಮ್ ಗೋಲ್ ಹೊಡೆದರು, ಆಮೇಲೆ ಸೋಲ್‌ಶಾರ್ ಇನ್ನೊಂದು. 2-1.

ನಂತರ ಪೋರ್ಚುಗಲ್‌ನ ಸ್ಪೋರ್ಟಿಂಗ್ ತಂಡಕ್ಕೆ ಹೋಗಿ, 18 ವರ್ಷಗಳ ಮೇಲೆ ಅದು ಲೀಗ್ ಗೆದ್ದಾಗ ಜೊತೆಗಿದ್ದರು. 2001ರಲ್ಲಿ ಆಸ್ಟನ್ ವಿಲ್ಲಾ ಪರ, ಪ್ರೀಮಿಯರ್ ಲೀಗ್‌ನಲ್ಲಿ ಗೋಲ್ ಹೊಡೆದ ಮೊದಲ ಕೀಪರ್ ಆದರು. ದೇಶಕ್ಕಾಗಿ 129 ಪಂದ್ಯ ಆಡಿ, 2003ರಲ್ಲಿ ಆಟದಿಂದ ನಿವೃತ್ತರಾದರು.

ಪ್ಲೇಸ್‌ಮೆಂಟ್ ಸೀಸನ್ ಬಂದಾಗ 21ಕ್ಕೇ ಎಲ್ಲಾ ಮುಗೀತು ಅಂತ ರೂಮ್ ಬಾಗಿಲು ಹಾಕಿಕೊಂಡು ಕೂತ ಗೆಳೆಯರನ್ನು ನಾವೆಲ್ಲ ನೋಡಿದ್ದೀವಿ. ಕೆಲವರು ನಾವೇ. ಆ ವಯಸ್ಸಿನಲ್ಲಿ ಷ್ಮೈಕೆಲ್‌ಗೆ ದೊಡ್ಡ ಕ್ಲಬ್ ಇನ್ನೂ ಸಿಕ್ಕಿರಲಿಲ್ಲ. ಯಾವತ್ತೋ ಆಡಿದ ಬೇರೆ ಆಟ ಆಮೇಲೆ ಕೈಹಿಡಿಯಿತು. ಸಿಲಬಸ್‌ನಲ್ಲಿ ಇಲ್ಲದ್ದನ್ನು ಕಲಿತರೆ ಸಮಯ ಹಾಳು ಅನ್ನುವವರಿಗೆ ಇದಕ್ಕಿಂತ ಉತ್ತರ ನಮ್ಮ ಹತ್ತಿರ ಇಲ್ಲ.

ಇನ್ನು ನಮ್ಮ ಮೈದಾನದ ಮಾತು. ಗೋಲ್‌ಗೆ ನಿಂತ ಗೆಳೆಯನಿಗೆ ಈ ಸಂಜೆ ಬೈಗುಳದ ಬದಲು ಇಷ್ಟು ಹೇಳೋಣ: "ಮಗಾ, ಗೆರೆ ಬಿಟ್ಟು ಮುಂದೆ ಬಾ. ತಲೆ ಮೇಲಿಂದ ಹೋದರೆ ಹೋಗಲಿ, ನಾವಿದ್ದೀವಿ."