ಜೀರ್ಣೋದ್ಧಾರದ ಮರ್ಮ

ಶರಣರು ಕಲ್ಲು ಮಣ್ಣಿನ ಗುಡಿಗಿಂತ ಮನುಷ್ಯನ ನಡೆನುಡಿಗೆ ಹೆಚ್ಚಿನ ಬೆಲೆಯನ್ನು ಕೊಟ್ಟರೆಂಬುದು ಸರ್ವವಿದಿತ. ಹಾಗಾದರೆ ಹಳೆಯ ಕಟ್ಟಡಗಳನ್ನು ಕಾಪಾಡಬೇಕೇಕೆ? ಹಳೆಯದನ್ನು ಕೆಡವಿ, ಅದಕ್ಕಿಂತ ಎತ್ತರವಾದ ಹೊಸ ಗುಡಿಯನ್ನು ಕಟ್ಟುವುದೇ ಭಕ್ತಿಯಲ್ಲವೆ? ಈ ಪ್ರಶ್ನೆ ಊರೂರಿನ ಸದ್ಭಕ್ತರಲ್ಲಿ ಏಳುವುದು ಸಹಜ.

ಇದಕ್ಕೆ ತೇರದಾಳವೇ ಉತ್ತರ ಹೇಳಬಲ್ಲುದು. ಈ ಊರಲ್ಲಿ ಅಲ್ಲಮಪ್ರಭುದೇವರ ಗುಡಿಯಿದೆ. ನೇಮಿನಾಥ ತೀರ್ಥಂಕರರ ಬಸದಿಯೂ ಇದೆ. ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ, ಶಕವರ್ಷ 1045ರಲ್ಲಿ, ಎಂದರೆ ಕ್ರಿ. ಶ. 1123ರ ಸುಮಾರಿಗೆ, ಮಾಂಡಲಿಕ ಗೊಂಕನು ಈ ಬಸದಿಯನ್ನು ಕಟ್ಟಿಸಿದ ಸಂಗತಿಯನ್ನು ತೇರದಾಳದ ಶಾಸನವು ತಿಳಿಸುತ್ತದೆ. ಆ ಕಲ್ಲು ಉಳಿದಿದ್ದುದರಿಂದಲೇ 1885ರಲ್ಲಿ ವಿದ್ವಾಂಸರಾದ ಕೆ. ಬಿ. ಪಾಠಕರು ಅದನ್ನು ಓದಿ ಪ್ರಕಟಿಸಲು ಸಾಧ್ಯವಾಯಿತು. ಯಾರೋ ಒಬ್ಬರು ಅದನ್ನು ಒಡೆದು ತಳಪಾಯಕ್ಕೆ ಹಾಕಿದ್ದರೆ, ಗೊಂಕನ ಹೆಸರೂ ಅಂದಿನ ಕನ್ನಡವೂ ಮಣ್ಣುಪಾಲಾಗುತ್ತಿದ್ದುವು. ಗುಡಿಯಾಗಲಿ ಬಸದಿಯಾಗಲಿ, ಪೂರ್ವಿಕರ ಕಾಯಕದ ಸಾಕ್ಷಿಯೆಂಬುದರಲ್ಲಿ ಭೇದವಿಲ್ಲ.

ಜೀರ್ಣವಾದುದನ್ನು ಎತ್ತಿ ನಿಲ್ಲಿಸುವುದೇ ಜೀರ್ಣೋದ್ಧಾರ; ಅಳಿಸುವುದಲ್ಲ. ಅದರ ಕ್ರಮವನ್ನು ಗೃಹಸ್ಥರು ಅರಿತಿರಬೇಕು. ಹಳೆಯ ಕಟ್ಟಡದ ಮೊದಲ ಶತ್ರು ನೀರು. ಆದುದರಿಂದ ಮಾಳಿಗೆಯ ಸಂದುಗಳನ್ನು ಮುಚ್ಚುವುದು, ಗೋಡೆಯಲ್ಲಿ ಬೇರೂರಿದ ಆಲ ಅರಳಿಯ ಸಸಿಗಳನ್ನು ಎಳೆಯದರಲ್ಲಿಯೇ ತೆಗೆಯುವುದು, ಬುಡದಲ್ಲಿ ನಿಂತ ನೀರು ಹರಿದುಹೋಗುವಂತೆ ಮಾಡುವುದು ಮೊದಲ ಕೆಲಸ.

ಎರಡನೆಯದು, ಗಾರೆಯ ವಿಚಾರ. ಸುಣ್ಣದ ಗಾರೆಯು ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟು ಗಟ್ಟಿ; ಅದು ಸಂದಿಯನ್ನು ಬಿಗಿದಾಗ ತೇವವು ಕಲ್ಲಿನ ಮೂಲಕವೇ ಹೊರಬರಬೇಕಾಗುತ್ತದೆ. ಆಗ ನೀರಿನೊಡನೆ ಬಂದ ಉಪ್ಪು ಹರಳುಗಟ್ಟಿ, ಕಲ್ಲಿನ ಮೈ ಪದರಪದರವಾಗಿ ಉದುರುತ್ತದೆ. ಎಣ್ಣೆಬಣ್ಣವನ್ನು ಬಳಿದರೂ ತೇವ ಒಳಗೇ ಉಳಿಯುತ್ತದೆ. ಮೇಲಾಗಿ ಶಾಸನದ ಅಕ್ಷರಗಳೂ ಮುಚ್ಚಿಹೋಗುತ್ತವೆ.

ಮೂರನೆಯದು, ಕಲ್ಲನ್ನು ಬಿಚ್ಚಲೇಬೇಕಾದರೆ ಮೊದಲು ನಕ್ಷೆ ತೆಗೆದು, ಭಾವಚಿತ್ರ ಹಿಡಿದು, ಪ್ರತಿಯೊಂದು ಕಲ್ಲಿಗೂ ಸಂಖ್ಯೆ ಬರೆಯತಕ್ಕದ್ದು. ಒಡೆದ ಕಲ್ಲನ್ನು ಮಾತ್ರ ಬದಲಿಸಬೇಕು; ಹೊಸದು ಹಳೆಯದರಂತೆ ನಟಿಸಬಾರದು. 1964ರಲ್ಲಿ ವೆನಿಸ್ ನಗರದಲ್ಲಿ ಕೂಡಿದ ನಾನಾ ದೇಶಗಳ ತಜ್ಞರು ಒಪ್ಪಿದ ನಿಯಮವೂ ಇದೇ. 1958ರ ಕೇಂದ್ರ ಕಾಯಿದೆ ಇಲ್ಲವೆ 1961ರ ರಾಜ್ಯ ಕಾಯಿದೆಯ ರಕ್ಷಣೆಗೆ ಒಳಪಟ್ಟ ಕಟ್ಟಡವಾದರೆ, ಸಂಬಂಧಪಟ್ಟ ಇಲಾಖೆಯ ಅಪ್ಪಣೆಯಿಲ್ಲದೆ ಕೈಹಚ್ಚಲಾಗದು.

ಸ್ಥಾವರವೇ ಸರ್ವಸ್ವವೆಂದು ಶರಣರು ನಂಬಲಿಲ್ಲ ನಿಜ. ಆದರೆ ಅನ್ಯರ ಕಾಯಕವನ್ನು ಕಡೆಗಣಿಸಿರೆಂದೂ ಅವರು ಕಲಿಸಲಿಲ್ಲ. ತನ್ನ ಹೆಸರಿನ ಹಲಗೆಗಾಗಿ ಹಳೆಯದನ್ನು ಕೆಡಹುವ ದಾನದಲ್ಲಿ ಅಹಂಕಾರ ಉಳಿಯುತ್ತದೆ. ಹೆಸರಿಲ್ಲದ ಶಿಲ್ಪಿಯ ಕೆಲಸವನ್ನು ಹೆಸರಿಲ್ಲದೆ ಕಾಯುವ ಸೇವೆಯಲ್ಲಿ ದಾಸೋಹಭಾವ ನೆಲೆಸುತ್ತದೆ. ಇವೆರಡರಲ್ಲಿ ಯಾವುದು ಲಿಂಗಮೆಚ್ಚುವ ನಡೆಯೆಂಬುದನ್ನು ಸದ್ಭಕ್ತರು ತಾವೇ ವಿಚಾರಿಸಬೇಕು.