ಮಂಟಪದ ಮುಂಗಡ, ಬ್ಯಾಂಕಿನ ಸಾಲ

ಹೋಟೆಲು ಮತ್ತು ಕಲ್ಯಾಣ ಮಂಟಪ ಒಂದೇ ಆವರಣದಲ್ಲಿದ್ದರೂ ಎರಡರ ದುಡ್ಡಿನ ನಡೆ ಬೇರೆ ಬೇರೆ. ಹೋಟೆಲಿನ ಗಲ್ಲಾಕ್ಕೆ ಬೆಳಗಿನ ಇಡ್ಲಿ-ಕಾಫಿಯಿಂದಲೇ ಹಣ ಬೀಳುತ್ತದೆ. ಹಾಲು, ತರಕಾರಿ, ಗ್ಯಾಸ್ ಎಂದು ಅಂದೇ ಖರ್ಚಾಗಿಯೂ ಹೋಗುತ್ತದೆ. ಮಂಟಪಕ್ಕೆ ಮುಹೂರ್ತವಿದ್ದ ದಿನವಷ್ಟೇ ಬಾಡಿಗೆ. ಆಷಾಢ, ಪುಷ್ಯದಲ್ಲಿ ಬೀಗ. ಮಾಘದಿಂದ ಜ್ಯೇಷ್ಠದವರೆಗೆ ಸುಗ್ಗಿ. ಆದರೆ ಮದುವೆಯವರು ದಿನ ಹಿಡಿಯಲು ಆರೇಳು ತಿಂಗಳ ಮುಂಚೆಯೇ ಮುಂಗಡ ಕೊಟ್ಟು ಹೋಗುತ್ತಾರೆ. ಮನೆತನದ ವ್ಯವಹಾರ ಎಡವುವುದು ಈ ಮುಂಗಡದಲ್ಲೇ. ಮದುವೆ ನಡೆದು ಮುಗಿಯುವವರೆಗೆ ಅದು ಗಳಿಕೆಯಲ್ಲ, ಮದುವೆಯವರ ಸಾಲ.

ಹಾಸನ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ ಈ ಅಂಕಣಕಾರನ ಮನೆತನ ಎರಡು ತಲೆಮಾರು ನಡೆಸಿದ ಹೋಟೆಲು ಮತ್ತು ಮಂಟಪ ಕೈತಪ್ಪಿದ್ದೂ ಹೀಗೆಯೇ. ತಂದೆ, ಚಿಕ್ಕಪ್ಪ ಪಾಲುದಾರರು. ಎರಡೂ ವ್ಯವಹಾರಕ್ಕೆ ಒಂದೇ ಖಾತೆ, ಒಂದೇ ಲೆಕ್ಕದ ಪುಸ್ತಕ. ಮಂಟಪಕ್ಕೆ ಎಸಿ, ಮೇಲೆ ಊಟದ ಹಾಲು, ವಧೂವರರ ಕೋಣೆ ಎಂದು ಬ್ಯಾಂಕಿನಲ್ಲಿ ಸಾಲ ಮಾಡಿದರು. ಕಂತಿಗೆ ದುಡ್ಡು ಸಾಲದ ತಿಂಗಳು ಮುಂದಿನ ಮಾಘದ ಮುಂಗಡ ಅದಕ್ಕೆ ಹೋಗುತ್ತಿತ್ತು. ಪುಸ್ತಕದಲ್ಲಿ ಅದು ಜಮಾ ಕಡೆಯಲ್ಲೇ ಇದ್ದುದರಿಂದ ಕೊರತೆ ಯಾರ ಕಣ್ಣಿಗೂ ಬೀಳಲಿಲ್ಲ.

2020ರ ಮಾರ್ಚ್ 25ರಂದು ಲಾಕ್‌ಡೌನ್ ಬಂತು. ವೈಶಾಖದ ಮದುವೆಗಳೆಲ್ಲ ನಿಂತು, ಮುಂಗಡ ಕೊಟ್ಟವರು ಹಣ ಕೇಳಿದರು. ಕೊಡಲು ಹಣವಿರಲಿಲ್ಲ. ರಿಸರ್ವ್ ಬ್ಯಾಂಕ್ ಆಗಸ್ಟ್ 31ರವರೆಗೆ ಕಂತು ಮುಂದೂಡಲು ಅವಕಾಶ ಕೊಟ್ಟಿತಾದರೂ ಬಡ್ಡಿ ನಿಲ್ಲಲಿಲ್ಲ. ಕೇಂದ್ರ ಸರ್ಕಾರದ ಖಾತರಿಯ ತುರ್ತು ಸಾಲ ಯೋಜನೆಯಡಿ ಬಾಕಿ ಸಾಲದ ಶೇ 20ರಷ್ಟು ಹೊಸ ಸಾಲ ಸಿಕ್ಕಿತು. ಅದರ ಬಹುಪಾಲು ಮುಂಗಡ ಹಿಂದಿರುಗಿಸುವುದಕ್ಕೇ ಮುಗಿಯಿತು. ಒಂದು ಸಾಲ ತೀರಿಸಲು ಇನ್ನೊಂದು ಸಾಲ; ವ್ಯಾಪಾರಕ್ಕೆ ಬಂಡವಾಳ ಮಾತ್ರ ಹುಟ್ಟಲಿಲ್ಲ.

ಆಮೇಲಿನದೆಲ್ಲ ಕಾನೂನಿನ ವೇಗದಲ್ಲಿ ನಡೆಯುತ್ತದೆ. ಕಂತು 90 ದಿನ ಮೀರಿ ಬಾಕಿ ಉಳಿದರೆ ಖಾತೆ ಎನ್‌ಪಿಎ (ಅನುತ್ಪಾದಕ ಸಾಲ). 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು 60 ದಿನಗಳ ನೋಟಿಸು ಕೊಡುತ್ತದೆ. ಹಣ ಕಟ್ಟದಿದ್ದರೆ ಅಡಮಾನದ ಆಸ್ತಿಯನ್ನು ವಶಕ್ಕೆ ಪಡೆಯುತ್ತದೆ. ಇದಕ್ಕೆ ಸಿವಿಲ್ ಕೋರ್ಟಿನ ತೀರ್ಪು ಬೇಕಿಲ್ಲ. ಸಾಲಗಾರ 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಬಹಳ ಜನಕ್ಕೆ ತಿಳಿಯದ ಸಂಗತಿ ಇನ್ನೊಂದಿದೆ. ಪೂರ್ತಿ ಬಾಕಿ ಕಟ್ಟಿ ಆಸ್ತಿ ಬಿಡಿಸಿಕೊಳ್ಳುವ ಹಕ್ಕು ಹರಾಜಿನ ದಿನದವರೆಗೆ ಇರುವುದಿಲ್ಲ. 2016ರ ತಿದ್ದುಪಡಿಯ ನಂತರ ಹರಾಜಿನ ಪ್ರಕಟಣೆ ಹೊರಬೀಳುವ ಹೊತ್ತಿಗೇ ಅದು ಮುಗಿಯುತ್ತದೆ. ಅಂಕಣಕಾರನ ಚಿಕ್ಕಪ್ಪ ನೆಂಟರಿಷ್ಟರಿಂದ ಹಣ ಹೊಂದಿಸಲು ಹೊರಟದ್ದು ಪ್ರಕಟಣೆ ಪತ್ರಿಕೆಯಲ್ಲಿ ಬಂದ ಮೇಲೆ.

ಕಂತು ತಪ್ಪುವ ಮೊದಲೇ ಕೊಳ್ಳುವವರೊಬ್ಬರು ಮನೆಗೆ ಬಂದಿದ್ದರು. ಹಿರಿಯರು ಕಟ್ಟಿದ್ದನ್ನು ಮಾರಿದರೆ ಊರವರು ಏನೆಂದಾರು ಎಂಬ ಅಳುಕಿಗೆ ಆ ಮಾತು ಅಲ್ಲಿಗೇ ನಿಂತಿತು. ಮನೆಯವರು ತೆಗೆದುಕೊಂಡ ನಿರ್ಧಾರಗಳಲ್ಲೆಲ್ಲ ಅತ್ಯಂತ ದುಬಾರಿಯಾದದ್ದು ಅದೇ. ತಾನಾಗಿ ಮಾರುವವನು ಬೆಲೆ ಚೌಕಾಸಿ ಮಾಡಬಲ್ಲ, ಹಿಡಿದ ಮುಹೂರ್ತಗಳನ್ನೂ ಕೆಲಸದವರನ್ನೂ ಕೊಳ್ಳುವವರಿಗೆ ವಹಿಸಬಲ್ಲ. ಹರಾಜಿನಲ್ಲಿ ಹೋಗುವುದು ನೆಲ ಮತ್ತು ಕಟ್ಟಡ.

ಆಸ್ತಿ ಹೋದ ಮೇಲೂ ಬಾಧ್ಯತೆ ಬೆನ್ನುಬಿಡುವುದಿಲ್ಲ. ಹರಾಜಿನ ಹಣ ಸಾಲಕ್ಕೆ ಸಾಲದಿದ್ದರೆ ಪಾಲುದಾರರ, ಜಾಮೀನು ನಿಂತವರ ಸ್ವಂತ ಆಸ್ತಿಯ ಮೇಲೆ ಬ್ಯಾಂಕು ಬರಬಹುದು. ಪಾಲುದಾರಿಕೆಯಲ್ಲಿ ಪ್ರತಿಯೊಬ್ಬನೂ ಇಡೀ ಸಾಲಕ್ಕೆ ಹೊಣೆ. ತೆರಿಗೆಯೂ ಉಂಟು. 20 ಲಕ್ಷ ಖರ್ಚಿನ ಆಸ್ತಿ 3 ಕೋಟಿಗೆ ಹರಾಜಾಗಿ ಅಷ್ಟೂ ಹಣ ಸಾಲಕ್ಕೆ ಜಮೆಯಾದರೂ, ಬಂಡವಾಳ ಲಾಭದ ಲೆಕ್ಕ ಶುರುವಾಗುವುದು 3 ಕೋಟಿಯಿಂದಲೇ. ತಾನೇ ಮಾಡಿದ ಅಡಮಾನದ ಸಾಲವನ್ನು ಅದರಲ್ಲಿ ಕಳೆಯಲು ಬರುವುದಿಲ್ಲ. ಕೈಗೆ ಬಾರದ ಹಣಕ್ಕೆ ತೆರಿಗೆ ಕಟ್ಟಬೇಕಾದೀತೆಂದು ಆ ಮನೆಯಲ್ಲಿ ಯಾರೂ ಎಣಿಸಿರಲಿಲ್ಲ.

ಕೆಲಸದವರ ಗ್ರಾಚ್ಯುಟಿ ಎಲ್ಲಕ್ಕಿಂತ ಮೊದಲು ನೆನಪಾಗಬೇಕಾದ ಬಾಕಿ. 20 ವರ್ಷ ಒಲೆಯ ಮುಂದೆ ನಿಂತ ಅಡುಗೆ ಭಟ್ಟರಿಗೆ, ವರ್ಷಕ್ಕೆ 15 ಕೆಲಸದ ದಿನಗಳ ಸಂಬಳದ ಲೆಕ್ಕದಲ್ಲಿ, ಸುಮಾರು ಹನ್ನೊಂದೂವರೆ ತಿಂಗಳ ಸಂಬಳ ಸಲ್ಲಬೇಕು. ಅದಕ್ಕೆಂದು ಎತ್ತಿಟ್ಟ ಹಣವಿರಲಿಲ್ಲ. ಮನೆಯ ಹೆಂಗಸರ ಒಡವೆ ಮಾರಿ ತೀರಿಸಲಾಯಿತು.

ಹೋಟೆಲಿನ ಹೆಸರನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಿರಲಿಲ್ಲ. ಹೊಸ ಮಾಲೀಕರು ಮಂಟಪಕ್ಕೆ ಬೇರೆ ಹೆಸರಿಟ್ಟರು, ಗಿರಾಕಿಗಳು ಹೋಗದಿರಲೆಂದು ಹೋಟೆಲಿನ ಹಳೆಯ ಬೋರ್ಡನ್ನು ಹಾಗೆಯೇ ಉಳಿಸಿಕೊಂಡರು. ಆ ಹೆಸರಿಗೆಂದು ಮನೆತನಕ್ಕೆ ಒಂದು ರೂಪಾಯಿಯೂ ಬರಲಿಲ್ಲ.