ಅರ್ಧ ರಟ್ಟು

ಪುಟ್ಟೀ, ನಮ್ಮ ಕಾರ್ಡಿನಲ್ಸ್ ತಂಡದ ಬೇಸ್‌ಬಾಲ್ ಆಟ ನೋಡಲು ಸೇಂಟ್ ಲೂಯಿಸ್‌ನಿಂದ ಶಿಕಾಗೊಗೆ ಹೊರಟಿದ್ದೀಯಂತೆ, ಅದೂ ಏಪ್ರಿಲ್‌ನಲ್ಲಿ! ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಹೋಗಿ ಬಾ. ಈ ಅಜ್ಜ ಒಮ್ಮೆ ಅಲ್ಲಿ ನಡುಗಿ, ಸೋತು ಬಂದವನು. ಅದಕ್ಕೇ ನಾಲ್ಕು ಮಾತು.

ಕೋಟು ನೀನೇ ಒಯ್ಯುತ್ತೀಯ, ಕಾಲಿನ ಕಡೆ ಗಮನ ಕೊಡು. ಚಳಿ ಏರುವುದು ಕಾಂಕ್ರೀಟ್ ನೆಲದಿಂದ. ಉಣ್ಣೆಯ ಕಾಲುಚೀಲ ಎರಡು ಜೊತೆ ಹಾಕಿಕೋ, ಪಾದದಡಿಗೆ ಒಂದು ರಟ್ಟು ಇಟ್ಟುಕೋ. ಇದನ್ನು ನನಗೆ ಕಲಿಸಿದವರು ಪಕ್ಕದ ಸೀಟಿನ ಹಿರಿಯರು, ಶಿಕಾಗೊದ ಕಬ್ಸ್ ತಂಡದ ನೀಲಿ ಟೋಪಿಯವರು. ನನ್ನ ಕಾರ್ಡಿನಲ್ಸ್ ಕೆಂಪು ಟೋಪಿ ನೋಡಿ ಮೊದಲು ಛೇಡಿಸಿದರು. ಮೂರನೇ ಇನಿಂಗ್ಸ್ ಹೊತ್ತಿಗೆ ತಮ್ಮ ರಟ್ಟನ್ನೇ ಹರಿದು ಅರ್ಧ ಕೊಟ್ಟರು. ಹಾಗಾಗಿ ಟೋಪಿ ಮುಚ್ಚಿಡಬೇಡ, ಬಾಯಿಯನ್ನೂ ಜೋರು ಮಾಡಬೇಡ. ನಮ್ಮವರು ಹೋಮ್‌ರನ್ ಹೊಡೆದರೆ ಅಲ್ಲಿಯ ಜನ ಆ ಚೆಂಡನ್ನು ಮೈದಾನಕ್ಕೇ ವಾಪಸ್ ಎಸೆಯುತ್ತಾರೆ. ಅದು ಅಲ್ಲಿನ ರೂಢಿ, ಮುಖ ಊದಿಸಿಕೊಳ್ಳಬೇಡ.

ಕಬ್ಸ್ ಆಡುವ ರಿಗ್ಲಿ ಫೀಲ್ಡ್ 1914ರ ಮೈದಾನ. ಫೋಟೋದಲ್ಲಿ ಗೋಡೆ ತುಂಬ ಹಸಿರಾಗಿ ಕಾಣುವ ಐವಿ ಬಳ್ಳಿ ಏಪ್ರಿಲ್‌ನಲ್ಲಿ ಬರೀ ಕಡ್ಡಿ. ಆಗ ಗಾಳಿ ಹಲವು ಸಲ ಮಿಷಿಗನ್ ಸರೋವರದಿಂದ ಬೀಸುತ್ತದೆ. ನಾನು ಹೋದ ದಿನವೂ ಹಾಗೇ. ಎಂಟನೇ ಇನಿಂಗ್ಸ್, ನಮ್ಮದು ಇನ್ನೂ ಸೊನ್ನೆ. ನಮ್ಮವನೊಬ್ಬ ಎತ್ತಿ ಹೊಡೆದ. ‘ಹೋಯ್ತು!’ ಅಂತ ಎದ್ದು ನಿಂತೆ, ಹಾಟ್ ಚಾಕೊಲೇಟ್ ಪ್ಯಾಂಟಿನ ಮೇಲೆ. ಗಾಳಿ ಆ ಚೆಂಡನ್ನು ಹಿಂದಕ್ಕೆ ನೂಕಿ, ಗೋಡೆಗೊರಗಿದ್ದ ಫೀಲ್ಡರ್ ಕೈಗೆ ಹಾಕಿತು. ಹಿರಿಯರು ಸ್ಕೋರ್‌ಬೋರ್ಡ್ ಮೇಲಿನ ಬಾವುಟದತ್ತ ಬೆರಳು ತೋರಿಸಿದರು. ಅದು ಆಟದುದ್ದಕ್ಕೂ ನಮ್ಮ ಮುಖದ ಕಡೆಗೇ ಹಾರುತ್ತಿತ್ತು, ನಾನು ನೋಡಿರಲಿಲ್ಲ. ನೀನು ಎದ್ದು ನಿಲ್ಲುವ ಮುಂಚೆ ಬಾವುಟ ನೋಡು.

ಕ್ರಿಕೆಟ್ಟಿನ ಹಾಗೆ ಇಲ್ಲಿ ಡ್ರಾ ಮಾಡಿಕೊಂಡು ಮಾನ ಉಳಿಸಿಕೊಳ್ಳುವಂತಿಲ್ಲ. ಒಂದು ಸೀಸನ್ನಿಗೆ 162 ಪಂದ್ಯ. ನೂರು ಗೆದ್ದ ತಂಡವನ್ನು ಭಾರೀ ತಂಡ ಅನ್ನುತ್ತಾರೆ, ಅದೂ 62 ಸಲ ಸೋತಿರುತ್ತದೆ. ನೀನು 300 ಮೈಲಿ ಕಾರು ಓಡಿಸಿಕೊಂಡು ಹೋದ ದಿನ ಅಂಥದ್ದೇ ಒಂದು ದಿನವಾದರೆ ಯಾರನ್ನೂ ಬೈಯಬೇಡ.

ನಾನು ಬೈದೆ. ಸಿಟ್ಟಿನಲ್ಲಿ, ಒದ್ದೆ ಪ್ಯಾಂಟಿನಲ್ಲಿ, ಒಂಬತ್ತನೇ ಇನಿಂಗ್ಸ್ ನೋಡದೆ ಎದ್ದು ಬಂದೆ. ಕಬ್ಸ್ ಸ್ಕೋರ್ ಎಷ್ಟಿತ್ತೆಂಬುದು ಈಗ ಮರೆತಿದೆ. ಆದರೆ ರಟ್ಟು ಹರಿದು ಕೊಟ್ಟವರಿಗೆ ‘ಬರ್ತೀನಿ’ ಅಂತ ಒಂದು ಮಾತು ಹೇಳದೆ ಬಂದದ್ದು ಇಂದಿಗೂ ಚುಚ್ಚುತ್ತದೆ. ನಮ್ಮ ಮನೆಯಲ್ಲಿ ಹಾಲಿನವನೂ ಹಾಗೆ ಹೊರಟವನಲ್ಲ.

ನೀನು ಕೊನೆಯ ಔಟ್ ತನಕ ಕೂತಿರು. ಕಬ್ಸ್ ಗೆದ್ದರೆ ನೀಲಿ ‘ಡಬ್ಲ್ಯು’ ಇರುವ ಬಿಳಿ ಬಾವುಟ ಏರುತ್ತದೆ, ಅದನ್ನೂ ನೋಡು. ಪಕ್ಕದವರಿಗೆ ಕೈ ಕೊಟ್ಟು, ಹೇಳಿ ಹೊರಡು.

ಅಂದಹಾಗೆ ರಟ್ಟು ದೊಡ್ಡದೇ ಒಯ್ಯಿ. ಅರ್ಧ ಯಾರಿಗಾದರೂ ಬೇಕಾದೀತು.